ನಿಮಗ್ಯಾಕ ಬೇಕ್ರೀ ಅಕ್ಕೋರೇ

ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಸೀಮೆಸುಣ್ಣದ ಕೆಮ್ಮಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಇದು ಬೇರೆ. ಕಣ್ಣೆದುರಿಗೆ ಯಾರಾದರೂ ಒಂದು ಕಾಗದವನ್ನು ಕೆಳಗೆ ಹಾಕಿದರೆ ‘ಎತ್ತು’ ಎಂಬ ಶಬ್ದ ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಲ್ಲುವ ರೋಗ. ಶಾಲೆಯ ಕಂಪೌಂಡಿನೊಳಗೆ ಈ ಶಬ್ದಕ್ಕೆ ಬೆಲೆಯುಂಟು. ಹೇಳಿದ ಕೂಡಲೇ ನಾಲ್ಕು ಕೈ ಒಟ್ಟಿಗೆ ಬಾಗುತ್ತವೆ; ಹಾಕಿದವನದೊಂದು, ‘ನಾನಲ್ರೀ’ ಎನ್ನುವವನದೊಂದು, ಒಳ್ಳೆಯ ಹೆಸರು ಬೇಕಾದವರವು ಎರಡು. ಗೇಟು ದಾಟಿ ಹೊರಗೆ ಬಂದರೆ ಅದೇ ಶಬ್ದಕ್ಕೆ ಸಿಗುವ ಉತ್ತರ ಒಂದೇ: ‘ನಿಮಗ್ಯಾಕ ಬೇಕ್ರೀ ಅಕ್ಕೋರೇ?’

ಈ ಪ್ರಶ್ನೆಯನ್ನು ಕೇಳುವವರು ಒರಟಾಗಿಯೇ ಕೇಳುತ್ತಾರೆಂದೇನೂ ಇಲ್ಲ. ಎಷ್ಟೋ ಸಲ ನಿಜವಾದ ಕುತೂಹಲದಿಂದ ಕೇಳುತ್ತಾರೆ. ರಸ್ತೆ ಸರಕಾರದ್ದು, ಬಸ್ಸು ಸರಕಾರದ್ದು, ಪುಡಿಕೆ ಅವರದ್ದು. ಇದರಲ್ಲಿ ನನ್ನದೇನು ಎಂಬುದು ಅವರಿಗೆ ತಿಳಿಯುವುದಿಲ್ಲ. ಹೆಸರಿನಲ್ಲೇ ಠಾಣಾ ಇಟ್ಟುಕೊಂಡ ಊರು ನಮ್ಮದು, ಠಾಣಾ ಕುಶನೂರ. ಆದರೂ ಕಸ ಒಗೆದದ್ದಕ್ಕೆ ಯಾರನ್ನಾದರೂ ನಿಲ್ಲಿಸಿ ಕೇಳಿದ್ದನ್ನು ನಾನಂತೂ ಕಂಡಿಲ್ಲ. ನಿಯಮವಿಲ್ಲವೆಂದಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬೀದಿಯಲ್ಲಿ, ಚರಂಡಿಯಲ್ಲಿ, ನೀರಿನಲ್ಲಿ ಕಸ ಹಾಕಬಾರದೆಂದು ಬರೆದಿತ್ತು, ಸ್ಥಳದಲ್ಲೇ ದಂಡ ಹಾಕುವ ಮಾತೂ ಇತ್ತು. ನಿಯಮ ದಿಲ್ಲಿಯಿಂದ ಹೊರಟು ಮಾಂಜರಾ ದಾಟಿ ಔರಾದ ಸೀಮೆಗೆ ಬರುವಷ್ಟರಲ್ಲಿ ಬಹಳ ದಣಿದಿರುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಅಪರಿಚಿತರಿಗೆ ಹೇಳುವುದಾದರೆ ಯಾವ ಭಾಷೆಯಲ್ಲಿ ಹೇಳಬೇಕು? ಮೈಸೂರು ಕಡೆಯವರಿಗೆ ಈ ಚಿಂತೆ ಇರಲಿಕ್ಕಿಲ್ಲ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಪಕ್ಕದಲ್ಲೇ ಲಾತೂರು, ನಾಂದೇಡ. ಆ ಕಡೆ ತೆಲುಗರು. ಬಸ್ಸಿನಲ್ಲಿ ಮುಂದಿನ ಸೀಟಿನವರು ಕನ್ನಡದವರೋ ಮರಾಠಿಯವರೋ ಉರ್ದುವಿನವರೋ ಎಂಬುದು ಅವರು ಬಾಯಿ ತೆರೆಯುವವರೆಗೆ ತಿಳಿಯದು, ಬಾಯಿಯಲ್ಲಿ ಗುಟಕಾ ಇದ್ದರೆ ಕೊನೆಯವರೆಗೂ ತಿಳಿಯದು. ಕನ್ನಡದಲ್ಲಿ ಹೇಳಿದರೆ ‘ಸಾಲಿ ಅಕ್ಕೋರು’ ಮಾತಾಡಿದ ಹಾಗಾಗುತ್ತದೆ, ಮರಾಠಿಯಲ್ಲಿ ಹೇಳಿದರೆ ವಿನಂತಿ ಮಾಡಿದ ಹಾಗೆ. ದಖನಿಯಲ್ಲಿ ಹೇಳುವಾಗ ನಾನು ಎರಡು ಸಲ ಯೋಚಿಸುತ್ತೇನೆ. ಎದುರಿನವರ ಟೋಪಿಯನ್ನೋ ಕುಂಕುಮವನ್ನೋ ನೋಡಿ ನಾನು ಮಾತನಾಡಿದೆನೆಂದು ಅವರಿಗಾಗಲೀ ಹಿಂದಿನ ಸೀಟಿನಲ್ಲಿ ಕುಳಿತು ಜಗಳಕ್ಕೆ ಕಾಯುತ್ತಿರುವ ಮೂರನೆಯವರಿಗಾಗಲೀ ಅನ್ನಿಸಿಬಿಟ್ಟರೆ ಕಸದ ಮಾತು ಕಸದಲ್ಲೇ ಉಳಿಯುವುದಿಲ್ಲ. ಈಚಿನ ವರ್ಷಗಳಲ್ಲಿ ಈ ಭಯ ಹೆಚ್ಚಾಗಿದೆ. ಮೊದಲು ಇರಲಿಲ್ಲವೆಂದು ಹೇಳುವಷ್ಟು ನಾನು ಹಳೆಯ ಕಾಲವನ್ನು ಹೊಗಳುವವಳಲ್ಲ, ಆದರೆ ಹೆಚ್ಚಾಗಿದೆ.

ಹೀಗಾಗಿ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ‘ಒಗೀಬ್ಯಾಡ’ ಎನ್ನುವುದಿಲ್ಲ. ‘ತಮ್ಮಾ, ನಿಂದೇನೋ ಬಿದ್ದದ ನೋಡು’ ಎನ್ನುತ್ತೇನೆ. ಮರಾಠಿಯವರಾದರೆ ‘ದಾದಾ, ತುಮಚಂ ಕಾಹೀತರಿ ಪಡಲಂ’, ದಖನಿಯಾದರೆ ‘ಭಾಯಿ, ತುಮಾರಾ ಕುಛ್ ಗಿರ್ಯಾ ದೇಖೋ’. ಬಿದ್ದದ್ದು ಯಾರ ತಪ್ಪೂ ಅಲ್ಲ, ಎತ್ತಿಕೊಂಡರೆ ಮರ್ಯಾದೆಯೂ ಹೋಗುವುದಿಲ್ಲ. ಹತ್ತರಲ್ಲಿ ನಾಲ್ಕೈದು ಜನ ನಾಚಿ ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡವರು ಅದನ್ನು ಏನು ಮಾಡುತ್ತಾರೆ ಎಂದು ಕೇಳಬೇಡಿ. ನಾನಿಳಿದ ಮೇಲೆ ಕಿಟಕಿಯಿಂದ ಹೋಗುತ್ತದೆಂದೇ ನನ್ನ ಅಂದಾಜು. ಒಬ್ಬ ಹುಡುಗ ಮಾತ್ರ ನನ್ನನ್ನು ಸೋಲಿಸಿದ. ‘ಬಿದ್ದಿಲ್ರೀ, ನಾನೇ ಒಗದೀನಿ’ ಎಂದ. ಅಷ್ಟು ಪ್ರಾಮಾಣಿಕವಾಗಿ ಉತ್ತರ ಕೊಡುವ ಹುಡುಗನಿಗೆ ಏನು ಹೇಳುವುದು? ತರಗತಿಯಲ್ಲಾಗಿದ್ದರೆ ಬೆನ್ನು ತಟ್ಟುತ್ತಿದ್ದೆ.

ಒಗೆಯುವ ಕೈಯ ಮೇಲೆ ನನಗೆ ಪೂರ್ತಿ ಸಿಟ್ಟು ಬಾರದಿರುವುದಕ್ಕೆ ಕಾರಣವಿದೆ. ಆ ಕೈ ಬಹಳ ಹಳೆಯದು. ನಾನು ಚಿಕ್ಕವಳಿದ್ದಾಗ ಮದುವೆಯ ಊಟ ಮುತ್ತುಗದ ಎಲೆಯ ಪತ್ರಾವಳಿಯಲ್ಲಿ. ಉಂಡು ಎತ್ತಿ ತಿಪ್ಪೆಗೆ ಒಗೆದರೆ ನಾಯಿ ನೆಕ್ಕುತ್ತಿತ್ತು, ಎಮ್ಮೆ ತಿನ್ನುತ್ತಿತ್ತು, ಉಳಿದದ್ದು ಮಳೆಗಾಲ ಮುಗಿಯುವುದರೊಳಗೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಶೇಂಗಾ ತಿಂದು ಸಿಪ್ಪೆಯನ್ನು ಕೂತಲ್ಲೇ ಉದುರಿಸಿದರೆ, ಬಾಳೆಹಣ್ಣು ತಿಂದು ಸಿಪ್ಪೆಯನ್ನು ಕಿಟಕಿಯಿಂದ ಬಿಟ್ಟರೆ, ಕೆಳಗೆ ಅದಕ್ಕಾಗಿ ಕಾಯುವ ಬಾಯಿಯೊಂದು ಇದ್ದೇ ಇರುತ್ತಿತ್ತು. ತಿಪ್ಪೆ ದೊಡ್ಡದಿದ್ದರೆ ಮನೆತನ ದೊಡ್ಡದು. ಹೆಣ್ಣು ಕೊಡುವವರು ತಿಪ್ಪೆ ನೋಡಿ ಹೋಗುತ್ತಿದ್ದರು. ಒಗೆಯುವುದು ಕೆಟ್ಟದ್ದೆಂದು ನಮ್ಮ ಹಿರಿಯರು ನಮಗೆ ಕಲಿಸಲಿಲ್ಲ, ಏಕೆಂದರೆ ಆಗ ಅದು ಕೆಟ್ಟದ್ದಾಗಿರಲಿಲ್ಲ. ಕೈ ಬದಲಾಗಲಿಲ್ಲ, ಕೈಯಲ್ಲಿರುವ ವಸ್ತು ಬದಲಾಯಿತು. ಒಂದು ರೂಪಾಯಿಗೆ ಶಾಂಪೂ ಪುಡಿಕೆ ಬಂತು, ಗುಟಕಾ ಪುಡಿಕೆ ಬಂತು, ನೀರಿನ ಪಾಕೀಟು ಬಂತು. ಗುಟಕಾವನ್ನು ಪ್ಲಾಸ್ಟಿಕ್ ಪುಡಿಕೆಯಲ್ಲಿ ಮಾರಬಾರದೆಂಬ ಸುಪ್ರೀಂ ಕೋರ್ಟಿನ ಆದೇಶ 2011ರ ಮಾರ್ಚಿನಿಂದ ಜಾರಿಗೆ ಬಂತು. 2013ರ ಮೇ ಕೊನೆಗೆ ಕರ್ನಾಟಕದಲ್ಲಿ ಗುಟಕಾ ಮಾರಾಟವನ್ನೇ ನಿಷೇಧಿಸಿದರು. ಆಮೇಲೇನಾಯಿತು? ಪಾನ್ ಮಸಾಲಾ ಒಂದು ಪುಡಿಕೆ, ತಂಬಾಕು ಇನ್ನೊಂದು ಪುಡಿಕೆ. ಕೊಂಡವನು ಎರಡನ್ನೂ ಹರಿದು ಅಂಗೈಯಲ್ಲಿ ಕೂಡಿಸುತ್ತಾನೆ. ಮೊದಲು ಒಂದು ಪುಡಿಕೆ ಬೀಳುತ್ತಿದ್ದ ಜಾಗದಲ್ಲಿ ಈಗ ಎರಡು ಬೀಳುತ್ತವೆ. ಇದನ್ನು ಏಳನೆಯ ಇಯತ್ತೆಗೆ ಗಣಿತದ ಲೆಕ್ಕವಾಗಿ ಕೊಡಬಹುದು.

ನಮ್ಮ ಓಣಿಯ ಒಂದು ಆಕಳಿನ ವಿಷಯ ಹೇಳುತ್ತೇನೆ. ದೇವಣಿ ತಳಿ. ಬೀದರ ಜಿಲ್ಲೆಗೂ ಲಾತೂರಿನ ಸೀಮೆಗೂ ಹುಟ್ಟಿದ ತಳಿಯದು. ಬಿಳಿಯ ಮೈಮೇಲೆ ಕಪ್ಪು ಮಸಿ ಚೆಲ್ಲಿದಂತೆ ಇರುವುದಕ್ಕೆ ಶೇವರಾ ಎನ್ನುತ್ತಾರೆ, ಮುಖದ ಮೇಲೆ ಮಾತ್ರ ಕಪ್ಪಿದ್ದರೆ ವಾನೇರಾ. ಇದು ಶೇವರಾ, ಗಬ್ಬವಾಗಿತ್ತು. ಒಂದು ವಾರದಿಂದ ಮೇವು ಮುಟ್ಟಲಿಲ್ಲ, ಮೆಲುಕು ನಿಲ್ಲಿಸಿತು, ಎಡಗಡೆಯ ಪಕ್ಕೆ ಉಬ್ಬಿ ಬಡಿದರೆ ಡೊಳ್ಳಿನ ಸಪ್ಪಳ ಬರುತ್ತಿತ್ತು. ಮನೆಯ ಯಜಮಾನಿ ದೃಷ್ಟಿ ತೆಗೆದಳು, ಎಣ್ಣೆ ಕುಡಿಸಿದಳು, ಕೊನೆಗೆ ಡಾಕ್ಟರರನ್ನು ಕರೆಸಿದಳು. ಅವರು ನಿಲ್ಲಿಸಿಯೇ ಎಡಪಕ್ಕೆಗೆ ಮದ್ದು ಚುಚ್ಚಿ ಮರಗಟ್ಟಿಸಿ ಕೊಯ್ದರು. ನಾನು ಲಾಂದ್ರದಂಥ ಒಂದು ದೀಪ ಹಿಡಿದು ನಿಂತಿದ್ದೆ, ಕರೆಂಟು ಹೋಗಿತ್ತು. ಡಾಕ್ಟರರ ಕೈ ಭುಜದವರೆಗೆ ಒಳಗೆ ಹೋಯಿತು. ಹೊರಗೆ ಬಂದದ್ದು ಹಗ್ಗದಂತೆ ಹೊಸೆದುಕೊಂಡ ಕ್ಯಾರಿಬ್ಯಾಗುಗಳು. ಒಂದಕ್ಕೊಂದು ಸುತ್ತಿಕೊಂಡು, ಹಸಿರುಗಟ್ಟಿ, ನಾರುತ್ತಿದ್ದವು. ಹಾಲಿನ ಪಾಕೀಟು, ಊಟದ ಮೇಜಿಗೆ ಹಾಸುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ತುಂಡು, ಒಂದು ಮಗುವಿನ ಚಪ್ಪಲಿಯ ಪಟ್ಟಿ. ಬುಟ್ಟಿ ತುಂಬಿತು, ಇನ್ನೊಂದು ಬುಟ್ಟಿ ಕೇಳಿದರು.

ಡಾಕ್ಟರರು ಹೇಳಿದ್ದು ಇಷ್ಟು. ಆಡು ಆರಿಸಿ ತಿನ್ನುತ್ತದೆ, ಆಕಳಿಗೆ ಆ ಜಾಣತನವಿಲ್ಲ; ನಾಲಿಗೆ ಚಾಚಿ ಬಾಚಿಕೊಂಡು ನುಂಗುತ್ತದೆ, ಆಮೇಲೆ ಪುರಸೊತ್ತಾಗಿ ಮೆಲುಕು ಹಾಕುತ್ತದೆ. ಉಳಿದ ಅನ್ನವನ್ನು ಚೀಲದಲ್ಲಿ ಹಾಕಿ ಗಂಟು ಕಟ್ಟಿ ಒಗೆದರೆ ಅದಕ್ಕೆ ಅನ್ನದ ವಾಸನೆ ಬರುತ್ತದೆ, ಗಂಟು ಬಿಚ್ಚಲು ಕೈಯಿಲ್ಲ. ಗಂಟು ಸಮೇತ ಒಳಗೆ ಹೋದದ್ದು ಕರಗುವುದಿಲ್ಲ, ಮುಂದೆ ಸಾಗುವುದಿಲ್ಲ, ಮೇಲೂ ಬರುವುದಿಲ್ಲ. ಹೊಟ್ಟೆ ತುಂಬಿದೆಯೆಂದು ಆಕಳಿಗೇ ಅನ್ನಿಸಿ ಉಪವಾಸ ಸಾಯುತ್ತದೆ.

ಆಕಳು ಉಳಿಯಿತು. ಗಬ್ಬ ಉಳಿಯಲಿಲ್ಲ.

ಆ ಗಂಟು ಕಟ್ಟಿದವರು ಯಾರು? ಅವರನ್ನು ನಿಲ್ಲಿಸಿ ಕೇಳುವುದು ಹೇಗೆ? ಅವರು ಒಳ್ಳೆಯ ಜನರೇ ಇದ್ದಾರು. ಅನ್ನ ಚೆಲ್ಲಬಾರದು, ಆಕಳಿಗಾದರೂ ಆಗಲಿ ಎಂದು, ನೊಣ ಮುತ್ತದಿರಲೆಂದು ಗಂಟನ್ನು ಬಿಗಿಯಾಗಿ ಕಟ್ಟಿದ ಶುಚಿಯ ಹೆಂಗಸೇ ಇದ್ದಾಳು. ಆ ರಾತ್ರಿಯ ಮೇಲೆ ‘ನಿಮಗ್ಯಾಕ’ ಎಂದು ಯಾರಾದರೂ ಕೇಳಿದರೆ ನನಗೆ ಬುಟ್ಟಿಯ ನೆನಪಾಗುತ್ತದೆ. ಆದರೆ ಬಸ್ಸಿನಲ್ಲಿ ನಿಂತು ಬುಟ್ಟಿಯ ಕಥೆ ಹೇಳಲು ಬರುವುದಿಲ್ಲ. ಅಷ್ಟರಲ್ಲಿ ಸಂತಪುರ ಬಂದುಬಿಡುತ್ತದೆ.

ಇನ್ನು ಯಾರಿಗೆ ಹೇಳುತ್ತೇವೆ, ಯಾರಿಗೆ ಹೇಳುವುದಿಲ್ಲ ಎಂಬುದು. ಔರಾದಿನ ಒಂದು ಚಹಾದ ಅಂಗಡಿಯ ಮುಂದೆ ಒಬ್ಬ ಕೂಲಿ ಹುಡುಗ ಬಿಸ್ಕೀಟಿನ ಕಾಗದ ಬಿಟ್ಟದ್ದಕ್ಕೆ ನಾಲ್ಕು ಜನ ಬೈದರು. ‘ಕಚರಾ ಮಾಡಲತ್ತೀಯೇನಲೇ, ಕಣ್ಣಿಲ್ಲೇನು?’ ಹುಡುಗ ಎತ್ತಿಕೊಂಡು ಹೋದ. ಹತ್ತು ನಿಮಿಷದ ಮೇಲೆ ಒಂದು ದೊಡ್ಡ ಬಿಳಿ ಗಾಡಿ ನಿಂತಿತು. ಗಾಜು ಇಳಿಯಿತು, ನೀರಿನ ಬಾಟಲಿ, ಭಜಿ ತಿಂದ ತಟ್ಟೆಗಳು, ಒರೆಸಿಕೊಂಡ ಕಾಗದ ಒಂದಾದ ಮೇಲೊಂದು ಕೆಳಗೆ ಬಿದ್ದವು. ಬೈದಿದ್ದ ನಾಲ್ವರೂ ಚಹಾ ಆರಿಸಿಕೊಳ್ಳತೊಡಗಿದರು. ನಾನು ಹೋಗಿ ‘ಸಾಹೇಬ್ರ, ಬಾಟ್ಲಿ ಬಿದ್ದದ್ರಿ’ ಎಂದೆ. ಒಳಗಿದ್ದವರು ಸಿಟ್ಟಾಗಲಿಲ್ಲ. ಬಹಳ ನಯವಾಗಿ ಕೈ ಮುಗಿದು, ‘ನಮಸ್ಕಾರ್ರೀ ಟೀಚರ್. ಯಾವ ಸಾಲಿ ನಿಮ್ದು?’ ಎಂದರು. ಸರಕಾರಿ ಶಿಕ್ಷಕರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾನು ಶಾಲೆಯ ಹೆಸರು ಹೇಳಿದೆ. ಗಾಜು ಏರಿತು. ಬಾಟಲಿ ಅಲ್ಲೇ ಇತ್ತು. ವರ್ಗವೇನೂ ಆಗಲಿಲ್ಲ, ಅವರಿಗೆ ಮರೆತಿರಬೇಕು; ಆದರೆ ಒಂದು ತಿಂಗಳು ಟಪಾಲು ಬಂದಾಗಲೆಲ್ಲ ಮನೆಯವರು ಲಕೋಟೆಯ ಬಣ್ಣ ನೋಡುತ್ತಿದ್ದರು.

2018ರ ಜೂನಿನಲ್ಲಿ ಮುಂಬಯಿಯಲ್ಲಿ ಸಿನಿಮಾ ನಟಿ ಅನುಷ್ಕಾ ಶರ್ಮಾ ಒಬ್ಬ ಕಾರಿನವನನ್ನು ರಸ್ತೆಯಲ್ಲೇ ತರಾಟೆಗೆ ತೆಗೆದುಕೊಂಡದ್ದು, ಅದನ್ನು ಅವರ ಗಂಡ ವಿರಾಟ್ ಕೊಹ್ಲಿ ಚಿತ್ರೀಕರಿಸಿ ಲೋಕಕ್ಕೆಲ್ಲ ತೋರಿಸಿದ್ದು ನಿಮಗೆ ನೆನಪಿರಬಹುದು. ಅರ್ಧ ದೇಶ ಶಹಬ್ಬಾಸ್ ಎಂದಿತು, ಇನ್ನರ್ಧ ಆ ಮನುಷ್ಯನ ಮರ್ಯಾದೆ ತೆಗೆಯುವ ಹಕ್ಕು ಇವರಿಗೆಲ್ಲಿಂದ ಬಂತು ಎಂದಿತು. ಆಕೆ ಹೇಳಿದ್ದು ಸರಿಯೆಂದೇ ನನ್ನ ಮತ. ದೊಡ್ಡ ಕಾರಿನಲ್ಲಿದ್ದವನಿಗೆ ದೊಡ್ಡ ಕಾರಿನಲ್ಲಿದ್ದವರಾದರೂ ಹೇಳಿದರಲ್ಲ. ಚಿತ್ರ ತೆಗೆದು ಹಂಚಿದ್ದು ಮಾತ್ರ ನನಗೆ ಸೇರಲಿಲ್ಲ. ಮಗುವಿಗೆ ಹೇಳುವಾಗಲೂ ನಾನು ಹತ್ತಿರ ಕರೆದು ಹೇಳುತ್ತೇನೆ, ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಹೇಳುವುದಿಲ್ಲ. ಸಾಲಿನ ಮುಂದೆ ನಿಂತವನು ನಾಚುತ್ತಾನೆ ನಿಜ, ಕಲಿಯುವುದು ಮಾತ್ರ ಹೇಳಿದವರ ಮೇಲಿನ ದ್ವೇಷವನ್ನು.

ಬೆಂಗಳೂರಿನಲ್ಲಿ 2025ರ ಅಕ್ಟೋಬರಿನಲ್ಲಿ ಇದರ ಅಣ್ಣನಂಥದ್ದೊಂದು ನಡೆಯಿತು. ಬೀದಿಯಲ್ಲಿ ಕಸ ಎಸೆದವರನ್ನು ಪತ್ತೆ ಹಚ್ಚಿ, ಅವರ ಮನೆಯ ಬಾಗಿಲಿಗೇ ಕಸ ತಂದು ಸುರಿದು ದಂಡ ಹಾಕಿದರು. ‘ಕಸ ಸುರಿಯುವ ಹಬ್ಬ’ ಎಂದು ಅದಕ್ಕೆ ಹೆಸರೂ ಇಟ್ಟರು. ಓದಿ ನಗು ಬಂತು, ಒಂದು ಗಳಿಗೆ ಖುಷಿಯೂ ಆಯಿತು. ಆಮೇಲೆ ಒಂದು ಯೋಚನೆ ಬಂತು. ಸುರಿದವರು ಯಾರು, ಮತ್ತೆ ಅದನ್ನು ಎತ್ತಿದವರು ಯಾರು? ಎರಡೂ ಸಲ ಬಗ್ಗಿದ ಬೆನ್ನು ಒಂದೇ ತಾನೆ?

ಸೂರತ್ತಿನ ಕಥೆ ಇದಕ್ಕಿಂತ ಮೇಲು. 1994ರಲ್ಲಿ ಮೊದಲು ಬೀಡ ಜಿಲ್ಲೆಯಲ್ಲಿ, ಆಮೇಲೆ ಸೂರತ್ತಿನಲ್ಲಿ ಪ್ಲೇಗು ಎಂದು ಸುದ್ದಿಯಾದಾಗ ನಮ್ಮ ಕಡೆಯೂ ಜನ ಸತ್ತ ಇಲಿ ಕಂಡರೆ ಊರು ಬಿಡುವ ಮಾತಾಡುತ್ತಿದ್ದರು. ನಮ್ಮ ಮಾಂಜರಾ ಹುಟ್ಟುವುದೇ ಬೀಡ ಸೀಮೆಯಲ್ಲಿ. ಮರುವರ್ಷ ಎಸ್. ಆರ್. ರಾವ್ ಎಂಬ ಅಧಿಕಾರಿ ಸೂರತ್ತಿನ ಪಾಲಿಕೆಗೆ ಆಯುಕ್ತರಾಗಿ ಬಂದು, ಅಧಿಕಾರಿಗಳನ್ನು ದಿನವೂ ಬೀದಿಗಿಳಿಸಿ, ಒತ್ತುವರಿ ಒಡೆಯುವುದನ್ನೂ ದಂಡ ಹಾಕುವುದನ್ನೂ ಉಳ್ಳವರಿಂದಲೇ ಶುರುಮಾಡಿದರು. ಎರಡೇ ವರ್ಷದಲ್ಲಿ ಊರಿನ ಮುಖ ಬದಲಾಯಿತು. ಮೇಲಿನಿಂದ ಶುರುವಾದರೆ ಕೆಳಗಿನವರು ತಾವಾಗಿ ತಿದ್ದಿಕೊಳ್ಳುತ್ತಾರೆ. ನಮ್ಮಲ್ಲಿ ಬೈಗುಳ ಯಾವಾಗಲೂ ಕೆಳಗಿನ ಮೆಟ್ಟಿಲಿಗೇ ಇಳಿಯುತ್ತದೆ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿರುವವಳು ಒಬ್ಬಳಿದ್ದಾಳೆ. ಒಂದು ಪೇಟೆಯಲ್ಲಿ ದಿನಾ ಬೆಳಿಗ್ಗೆ ರಸ್ತೆ ಗುಡಿಸುವ ಹೆಂಗಸು. ಊರಿನ ಹೆಸರು ಬೇಡ. ಬಸ್ಸಿಗೆ ಕಾಯುವಾಗ ಆಕೆಯೊಡನೆ ಮಾತಾಡುತ್ತೇನೆ. ಒಮ್ಮೆ ಆಕೆ ಗುಡಿಸಿದ ಬೆನ್ನಿಗೇ ಒಬ್ಬ ದುಕಾನಿನವನು ರಟ್ಟು, ದಾರ, ಪ್ಲಾಸ್ಟಿಕ್ ಎಲ್ಲ ತಂದು ಸುರಿದ. ನನಗೆ ತಡೆಯಲಿಲ್ಲ, ಹೇಳಿದೆ. ಆತ ಗೊಣಗಿ ಒಳಗೆ ಹೋದ. ‘ನೀ ಯಾಕ ಹೇಳಂಗಿಲ್ಲ ಅವರಿಗೆ?’ ಎಂದು ಆಕೆಯನ್ನು ಕೇಳಿದೆ. ಆಕೆ ಪೊರಕೆಯ ಬುಡ ನೆಲಕ್ಕೆ ಕುಟ್ಟಿ ಸರಿಮಾಡಿಕೊಳ್ಳುತ್ತ, ‘ನಾ ಹೇಳಿದ್ರ, ಪಗಾರ ಯಾತಕ್ಕ ತಗೋತೀ ಅಂತಾರ ಬಾಯಿ. ನೀವ್ ಹೇಳ್ರಿ. ನಿಮಗ ಯಾಕ ಅಂತ ಅಷ್ಟೇ ಕೇಳ್ತಾರ’ ಎಂದಳು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನನಗೆ ಸಿಗುವುದು ಪ್ರಶ್ನೆ, ಆಕೆಗೆ ಸಿಗುವುದು ಜಾತಿ. ನಮ್ಮ ಜಿಲ್ಲೆಯಲ್ಲಿ ವೇದಿಕೆಗೆ ಏರಿದವರೆಲ್ಲ ಕಲ್ಯಾಣದ ಶರಣರನ್ನು ನೆನೆಯುತ್ತಾರೆ. ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ಸತ್ಯಕ್ಕನ ಹೆಸರು ಹೇಳುತ್ತಾರೆ. ಭಾಷಣ ಮುಗಿದ ಮೇಲೆ ಕುರ್ಚಿಗಳ ಕೆಳಗಿನ ನೀರಿನ ಬಾಟಲಿಗಳನ್ನು ಆರಿಸಲು ಬರುವವರು ಯಾರೆಂದು ನೋಡಿದರೆ ಸಾಕು, ಸತ್ಯಕ್ಕನಿಗೂ ನಮಗೂ ನಡುವೆ ಎಷ್ಟು ದೂರವೆಂದು ತಿಳಿಯುತ್ತದೆ. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಐವತ್ತು ವರ್ಷ ಕಳೆದವು. ತಲೆಯ ಮೇಲಿನದು ಇಳಿಯಿತು. ನೋಡುವವರ ಕಣ್ಣಿನಲ್ಲಿದ್ದದ್ದು ಇಳಿದಿಲ್ಲ. ಶಾಲೆಯಲ್ಲಿ ಮಕ್ಕಳಿಂದ ಅಂಗಳ ಗುಡಿಸಿಸುವಾಗಲೂ ನಾನು ಸರದಿಯನ್ನು ಹಾಜರಿ ಪುಸ್ತಕದ ಕ್ರಮದಲ್ಲೇ ಹಾಕುತ್ತೇನೆ, ಒಂದು ಹೆಸರನ್ನೂ ದಾಟಿಸುವುದಿಲ್ಲ. ‘ನಮ್ಮ ಹುಡುಗನ ಕೈಗೆ ಕಸಬರಿಗೆ ಕೊಟ್ರೇನು?’ ಎಂದು ಕೇಳಿಕೊಂಡು ಬರುವ ತಂದೆಯರು ಯಾವ ಓಣಿಯಿಂದ ಬರುತ್ತಾರೆ, ಯಾವ ಓಣಿಯಿಂದ ಎಂದೂ ಬರುವುದಿಲ್ಲ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ನಮ್ಮ ಕಡೆಯ ಓದುಗರಿಗೆ ಗೊತ್ತಿದೆ.

ಬೆಂಗಳೂರಿನಲ್ಲಿ ಹೆಸರು ಹೇಳಿಕೊಳ್ಳದ ಒಂದು ಗುಂಪು 2010ರ ಸುಮಾರಿನಿಂದ ಕೊಳಕು ಮೂಲೆಗಳನ್ನು ತಾವೇ ತೊಳೆದು ಬಣ್ಣ ಬಳಿಯುತ್ತ ಬಂತು. ‘ಅಗ್ಲಿ ಇಂಡಿಯನ್’ ಎಂದು ಅವರ ಹೆಸರು. ಕೆಲಸ ಚಾಲೂ, ಬಾಯಿ ಬಂದ್ ಎಂಬುದು ಅವರ ನೀತಿ. ಯಾರಿಗೂ ಉಪದೇಶವಿಲ್ಲ. ಒಳ್ಳೆಯದೇ. ಆದರೆ ಬಾಯಿ ಮುಚ್ಚಿಕೊಂಡು ಗುಡಿಸುವವರು ನಮ್ಮಲ್ಲಿ ಸಾವಿರ ವರ್ಷದಿಂದ ಇದ್ದಾರೆ, ಅವರಿಂದ ಯಾರೂ ಏನೂ ಕಲಿತಂತಿಲ್ಲ. ನನಗೆ ಹೆಚ್ಚು ಹಿಡಿಸುವವರು ಗಾಡಗೆ ಬಾಬಾ. ಅಮರಾವತಿ ಜಿಲ್ಲೆಯಲ್ಲಿ 1876ರಲ್ಲಿ ಹುಟ್ಟಿದ ಅಗಸರ ಹುಡುಗ. ಅಕ್ಷರ ಬಾರದು, ಹರಕು ಬಟ್ಟೆ, ಒಡೆದ ಮಡಕೆ, ಕೈಯಲ್ಲಿ ಪೊರಕೆ. ಊರಿಗೆ ಬಂದ ಕೂಡಲೇ ಚರಂಡಿ, ಬೀದಿ ಗುಡಿಸಲು ಶುರು, ಸಂಜೆಗೆ ಕೀರ್ತನೆ. ಆ ಕೀರ್ತನೆಯಲ್ಲಿ ಬೆಳಿಗ್ಗೆ ತಾನು ಗುಡಿಸಿದ ಜನರನ್ನೇ ಪ್ರಶ್ನೆ ಕೇಳಿ ಕೇಳಿ ನಗಿಸಿ ಅಳಿಸಿ ಬಿಡುತ್ತಿದ್ದರಂತೆ. ಬಂದ ಹಣ ಧರ್ಮಶಾಲೆ, ಶಾಲೆಗಳಿಗೆ. 1956ರ ಡಿಸೆಂಬರ್ 20ರಂದು ತೀರಿಕೊಂಡರು. ನಮ್ಮ ಗಡಿಯ ಮರಾಠಿ ಮನೆಗಳಲ್ಲಿ ಈಗಲೂ ಪಟವಿದೆ. ಪೊರಕೆ ಹಿಡಿದವನಿಗೆ ಮಾತಿನ ಅಧಿಕಾರವೂ ಇದ್ದದ್ದು ಅಪರೂಪ. ಅವರು ಎರಡನ್ನೂ ಬಿಡಲಿಲ್ಲ.

ಕೌಠಾದ ಹತ್ತಿರ ಮಾಂಜರಾ ಸೇತುವೆ ಬಂದಾಗ ಬಸ್ಸಿನಲ್ಲಿ ಎಲ್ಲ ಕೈಗಳೂ ಚುರುಕಾಗುತ್ತವೆ. ನಾಣ್ಯ, ಹೂವು, ವಾರದ ನಿರ್ಮಾಲ್ಯ. ನಿರ್ಮಾಲ್ಯ ಯಾವಾಗಲೂ ಪ್ಲಾಸ್ಟಿಕ್ ಚೀಲದಲ್ಲಿ, ಗಂಟು ಕಟ್ಟಿ. ಈ ನೀರು ಮುಂದೆ ತೆಲಂಗಾಣದ ಸಿಂಗೂರು ಜಲಾಶಯಕ್ಕೆ ಹೋಗುತ್ತದೆ, ಹೈದರಾಬಾದಿನವರು ಕುಡಿದ ನೀರು. ಮುದುಕಿಯರಿಗೆ ‘ಬಿದ್ದದ’ ಎಂಬ ಉಪಾಯ ನಡೆಯುವುದಿಲ್ಲ, ದೇವರಿಗೆ ಕೊಟ್ಟದ್ದು ಬೀಳುವುದು ಹೇಗೆ? ಅವರಿಗೆ ನಾನು ಹೇಳುವುದು ಬೇರೆ: ‘ಹೂವ ಗಂಗವ್ವಗ ಕೊಡ್ರಿ ಅವ್ವಾ, ಚೀಲ ನನಗ ಕೊಡ್ರಿ. ಆಕೀಗ ಅದು ಪಚನ ಆಗಂಗಿಲ್ಲ.’ ಒಬ್ಬರೂ ಇಲ್ಲವೆಂದಿಲ್ಲ. ನಡುಗುವ ಬೆರಳುಗಳಿಂದ ಗಂಟು ಬಿಚ್ಚುವಷ್ಟರಲ್ಲಿ ಸೇತುವೆ ಮುಗಿದು, ಹೂವು ಹಾಗೆಯೇ ಮಡಿಲಲ್ಲಿ ಉಳಿದದ್ದೂ ಉಂಟು. ಆಗ ಮುಂದಿನ ಹಳ್ಳದವರೆಗೆ ನಾನೇ ಅವರಿಂದ ಬೈಸಿಕೊಳ್ಳುತ್ತೇನೆ.

ಈಚೆಗೆ ನಮ್ಮ ಪಂಚಾಯಿತಿಗಳಿಗೆ ‘ಸ್ವಚ್ಛ ವಾಹಿನಿ’ ಗಾಡಿಗಳು ಬಂದಿವೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಓಡಿಸಲು ಕಲಿಸಿದ್ದಾರೆ. ಎಲ್ಲ ಕಡೆ ಸರಿಯಾಗಿ ನಡೆಯುತ್ತವೆಂದು ನಾನು ಹೇಳಲಾರೆ, ಕೆಲವು ಪಂಚಾಯಿತಿ ಕಚೇರಿಯ ಹಿಂದೆ ನಿಂತಲ್ಲೇ ನಿಂತಿವೆ. ಆದರೆ ಒಂದು ಊರಿನಲ್ಲಿ ನಾನು ಕಣ್ಣಾರೆ ಕಂಡೆ. ಇಪ್ಪತ್ತೈದರ ಹುಡುಗಿ, ಸೀರೆಯ ಮೇಲೆ ಖಾಕಿ ಅಂಗಿ. ಕಿರಾಣಿ ಅಂಗಡಿಯವನು ಗಾಡಿ ಬರುವುದನ್ನು ನೋಡಿಯೂ ಡಬ್ಬಿಯ ಕಸವನ್ನು ಗಟಾರಕ್ಕೆ ಸುರಿದು ಒಳಗೆ ಹೋದ. ಆಕೆ ಏನೂ ಅನ್ನಲಿಲ್ಲ. ಗಾಡಿಯನ್ನು ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಿಸಿ ಹಾರನ್ ಮೇಲೆ ಅಂಗೈ ಇಟ್ಟಳು, ತೆಗೆಯಲೇ ಇಲ್ಲ. ಗಿರಾಕಿಗಳು ಕಿವಿ ಮುಚ್ಚಿಕೊಂಡರು, ಗುಡಿಯ ಕಟ್ಟೆಯ ಮೇಲಿದ್ದವರು ಎದ್ದು ಬಂದರು. ಅಂಗಡಿಯವನು ಹೊರಗೆ ಬಂದು ‘ಏನದ?’ ಎಂದು ಕೂಗಿದ. ಆಕೆ ಒಂದು ಕೈ ಹಾರನ್ ಮೇಲೆ ಇಟ್ಟುಕೊಂಡೇ ಇನ್ನೊಂದು ಕೈಯಿಂದ ಗಟಾರ ತೋರಿಸಿದಳು. ಅವನು ಅತ್ತಿತ್ತ ನೋಡಿ, ಲುಂಗಿ ಎತ್ತಿ ಕಟ್ಟಿ, ಗಟಾರಕ್ಕೆ ಇಳಿದ.